ಪರದೆ ಹಿಗ್ಗಿಸಿದ ಮುಖ

ಟಿವಿ ಕೊಳ್ಳಲು ಬರುವವರಿಗೆ ನಾನು ಮೊದಲು ಕೇಳುವುದು ಒಂದೇ ಪ್ರಶ್ನೆ: ಇದರಲ್ಲಿ ಏನು ನೋಡುತ್ತೀರಿ? ಕ್ರಿಕೆಟ್, ಧಾರಾವಾಹಿ, ಮಕ್ಕಳ ಕಾರ್ಟೂನ್ ಎಂದೆಲ್ಲ ಹೇಳುತ್ತಾರೆ. ಮುಂದಿನ ಮಾತು ಆ ಉತ್ತರದ ಮೇಲೆ. ಖಾನಾಪುರದಿಂದ ಬಂದಿದ್ದ ಆ ಹುಡುಗಿ ಮಾತ್ರ, "ನಮ್ಮಪ್ಪಾನ್ನ ನೋಡೂದೈತ್ರಿ" ಎಂದಳು.

ಕೈಚೀಲದಿಂದ ಪೆನ್ ಡ್ರೈವ್ ತೆಗೆದು ನನ್ನ ಮೇಜಿನ ಮೇಲಿಟ್ಟಳು. ಆಕೆ ಖಾನಾಪುರದ ಒಂದು ಆಸ್ಪತ್ರೆಯಲ್ಲಿ ಲ್ಯಾಬ್ ಟೆಕ್ನಿಷಿಯನ್. ಮದುವೆ ಗೊತ್ತಾಗಿತ್ತು. ಗಂಡನ ಮನೆಗೆ ಹೋಗುವ ಮುಂಚೆ ತಾಯಿಗೊಂದು ಒಳ್ಳೆಯ ಟಿವಿ ಕೊಡಿಸಬೇಕೆಂದು ಬಂದಿದ್ದಳು. ಆಕೆಗೆ ಎರಡು ವರ್ಷ ತುಂಬುವ ಮೊದಲೇ ತಂದೆ ಕಾಮಾಲೆಯಿಂದ ತೀರಿಕೊಂಡಿದ್ದರು. ಆಮೇಲೊಂದು ಮಳೆಗಾಲದಲ್ಲಿ ಮಣ್ಣಿನ ಗೋಡೆ ಕುಸಿದು, ಫೋಟೋ ಇದ್ದ ಟ್ರಂಕು ಕೆಸರಿನಡಿ ಹೋಯಿತು. ಉಳಿದದ್ದು ಈಕೆಯನ್ನು ತೊಟ್ಟಿಲಿಗೆ ಹಾಕಿ ಹೆಸರಿಟ್ಟ ದಿನದ ವಿಡಿಯೋ ಒಂದೇ.

"ಮದವ್ಯಾಗ ಅಪ್ಪನ ಫೋಟೋ ಕುರ್ಚಿ ಮ್ಯಾಗ ಇಡತಾರ್ರಿ. ಅಕ್ಕಿಕಾಳ ಬೀಳೂಕಿಂತ ಮೊದಲ ಅದಕ್ಕ ನಮಸ್ಕಾರ ಮಾಡೂದು ನಮ್ಮ ಮನಿ ಪದ್ಧತಿ. ಈಗಿರೂ ಫೋಟೋ ಆಮ್ಯಾಲೆ ಕಾಕಾ ಮಾಡಿಸಿದ್ದು, ಮಸಕ ಐತಿ. ಹೊಸಾ ಟೀವ್ಯಾಗ ನಿಚ್ಚಳ ಬಂದ್ರ ಅದರ ಮ್ಯಾಲಿಂದ ಇನ್ನೊಂದು ತಗಸೂದು."

ಬೆಳಗಾವಿಯ ಅಂಗಡಿಯೊಂದರಲ್ಲಿ ಗಿರಾಕಿಗಳಿಗೆ ಸ್ಪೆಸಿಫಿಕೇಶನ್ ಬಿಡಿಸಿ ಹೇಳುವುದು ನನ್ನ ಕೆಲಸ. ಭೌತಶಾಸ್ತ್ರ ಓದಿ ಇದೇನು ಕೆಲಸ ಎನ್ನುವವರಿದ್ದಾರೆ. ಪೆಟ್ಟಿಗೆಯ ಮೇಲೆ ಬರೆದದ್ದನ್ನು ನಂಬದಿರುವುದಕ್ಕೆ ಆ ಓದು ಸಾಕಷ್ಟು ನೆರವಾಗಿದೆ.

ಹುಡುಗಿ ತಯಾರಾಗಿಯೇ ಬಂದಿದ್ದಳು. "ಫೋರ್‌ಕೆ ತಗೊಂಡ್ರ ಅಪ್ಪನ ಮಾರಿ ಸ್ವಚ್ಛ ಕಾಣ್ತೈತಲ್ರಿ?"

ಇಲ್ಲ ಎಂದೆ. ಫೋರ್‌ಕೆ ಅಂದರೆ ಪರದೆಯ ಮೇಲಿನ ಚುಕ್ಕೆಗಳ ಲೆಕ್ಕ. ಈ ವಿಡಿಯೋದಲ್ಲಿ ಅಷ್ಟು ಚುಕ್ಕೆಗಳೇ ಇಲ್ಲ. ಕ್ಯಾಸೆಟ್ಟಿನಿಂದ ಸಿಡಿಗೆ, ಸಿಡಿಯಿಂದ ಪೆನ್ ಡ್ರೈವಿಗೆ ಇಳಿದುಬಂದ ಚಿತ್ರ ಅದು. ಕಡಿಮೆ ಬಿದ್ದ ಚುಕ್ಕೆಗಳನ್ನು ಟಿವಿ ತಾನೇ ಊಹಿಸಿ ತುಂಬಿಕೊಳ್ಳುತ್ತದೆ. ಅದಕ್ಕೆ ಅಪ್‌ಸ್ಕೇಲಿಂಗ್ ಎಂದು ಹೆಸರು, ಈಗೀಗ ಹಿಂದೊಂದು ಎಐ ಕೂಡ ಅಂಟಿಸುತ್ತಾರೆ.

"ಊಹಿಸಿ ಅಂದ್ರ? ಟೀವಿ ನಮ್ಮಪ್ಪಾನ್ನ ಯಾವಾಗ ನೋಡೇತ್ರಿ?"

ಇಂಥ ಪ್ರಶ್ನೆ ಕೇಳುವ ಗಿರಾಕಿಗಾಗಿ ನಾನು ತಿಂಗಳುಗಟ್ಟಲೆ ಕಾದಿರುತ್ತೇನೆ. ಕುರ್ಚಿ ಎಳೆದುಕೊಂಡು ಕೂತೆ. ಎಚ್‌ಡಿಆರ್ ಎಂದು, ಅಂದರೆ ಬೆಳಕು ಕತ್ತಲೆ ಎರಡನ್ನೂ ಎದ್ದು ತೋರಿಸುತ್ತದೆ ಎಂದು, ಬರೆದಿದ್ದರೂ ಪರದೆಗೆ ಆ ಬೆಳಕಿನ ಶಕ್ತಿ ಇಲ್ಲದಿದ್ದರೆ ಅದು ಹೆಸರಿಗಷ್ಟೇ ಎಂದೆ. ಪೆಟ್ಟಿಗೆಯ ಮೇಲೆ ದೊಡ್ಡದಾಗಿ ಬರೆದ 'ಮೋಷನ್' ಅಂಕಿಯನ್ನು ಬಿಟ್ಟು, ಒಳಗಿನ ಹಾಳೆಯಲ್ಲಿ ಸಣ್ಣದಾಗಿ ಅಚ್ಚಾದ ಹರ್ಟ್ಸ್, ಅಂದರೆ ಸೆಕೆಂಡಿಗೆ ಪರದೆ ಎಷ್ಟು ಸಲ ಹೊಸದಾಗುತ್ತದೆ ಎನ್ನುವುದನ್ನು ನೋಡಬೇಕು. ರ್‍ಯಾಮ್ ಕಡಿಮೆಯಾದರೆ ಒಂದೆರಡು ವರ್ಷಕ್ಕೆ ರಿಮೋಟ್ ಒತ್ತಿ ಕಾಯುತ್ತ ಕೂರಬೇಕಾಗುತ್ತದೆ. ತಾಯಿ ಅಡುಗೆಮನೆಯ ಬಾಗಿಲಿನಿಂದ ಓರೆಯಾಗಿ ನೋಡುವವರಾದರೆ ಬದಿಯಿಂದಲೂ ಬಣ್ಣ ಕೆಡದ ಪ್ಯಾನೆಲ್ ಬೇಕು. ಇನ್ನು ಪೆನ್ ಡ್ರೈವಿನ ಯಾವ ಫೈಲು ಓಡುತ್ತದೆ ಎನ್ನುವುದು ಯಾವ ಹಾಳೆಯಲ್ಲೂ ಪೂರ್ತಿ ಇರುವುದಿಲ್ಲ, ಹಚ್ಚಿಯೇ ನೋಡಬೇಕು.

ಗಲ್ಲಾದ ಮೇಲೆ ಕೂತಿದ್ದ ಮಾಲೀಕರು ಕನ್ನಡಕದ ಮೇಲಿಂದ ನೋಡಿದರು. "ಮಾಸ್ತರ, ಟೀವಿ ಮಾರ್ತೀರೋ, ಅಕಿಗೆ ಪಿಎಚ್‌ಡಿ ಮಾಡಸ್ತೀರೋ?"

ಮೊದಲ ಟಿವಿಯಲ್ಲಿ ಚಿತ್ರ ಬಂತು, ಧ್ವನಿ ಬರಲಿಲ್ಲ. ಹುಡುಗಿಗೆ ಆಶ್ಚರ್ಯವೇನೂ ಆಗಲಿಲ್ಲ. "ಅದಕ್ಕ ಧ್ವನಿ ಇಲ್ಲರಿ. ಮನ್ಯಾಗೂ ಮೂಕ ವಿಡಿಯೋನ."

ಧ್ವನಿ ಇದೆ, ಅದನ್ನು ಕಟ್ಟಿಟ್ಟ ಬಗೆಯನ್ನು ಬಿಚ್ಚಲು ಈ ಟಿವಿಗೆ ಬರುತ್ತಿಲ್ಲ ಎಂದೆ. ಎರಡನೆಯದಕ್ಕೆ ಫೈಲೇ ಕಾಣಿಸಲಿಲ್ಲ. ಮೂರನೆಯದರಲ್ಲಿ ಹೆಂಗಸರ ಜೋಗುಳ ಕೇಳಿಬಂತು, ಪಾತ್ರೆ ಬಿದ್ದ ಸದ್ದು, ಯಾರದೋ ಮರಾಠಿ ನಗೆಚಾಟಿಕೆ. ತೊಟ್ಟಿಲ ಪಕ್ಕ ನಿಂತಿದ್ದ ಗಂಡಸು ಕ್ಯಾಮೆರಾ ಕಡೆ ತಿರುಗಿ, "ಏ, ಬಾಜು ಸರೀಪಾ, ಅಕಿ ಮಾರಿ ಕಾಣ್ವಲ್ದು" ಎಂದ.

ಹುಡುಗಿ ತನ್ನ ತಂದೆಯ ಧ್ವನಿ ಕೇಳಿದ್ದು ಅದೇ ಮೊದಲು. ಅಕ್ಕಪಕ್ಕದ ಪರದೆಗಳಲ್ಲೆಲ್ಲ ಅಂಗಡಿಯ ಡೆಮೊ ಚಿತ್ರದ ಬಣ್ಣಬಣ್ಣದ ಮೀನುಗಳು ಈಜುತ್ತಿದ್ದವು. ಆಕೆ ಅಳಲಿಲ್ಲ. "ಇನ್ನೊಮ್ಮೆ ಹಚ್ರಿ" ಎಂದಳು. ಹಚ್ಚಿದೆ. ಮತ್ತೆ ಹೇಳಿದಳು, ಮತ್ತೆ ಹಚ್ಚಿದೆ.

ಆದರೆ ಅಲ್ಲಿ ಒಂದು ತೊಡಕು ಕಂಡಿತು. ಆ ಮನುಷ್ಯ ಕೈ ಎತ್ತಿದರೆ ಕೈ ನೀರಿನಲ್ಲಿ ತೇಲಿದಂತೆ ಏಳುತ್ತಿತ್ತು. ಕೆನ್ನೆ ಮೇಣ ಸವರಿದಂತೆ ನುಣುಪು. ಒಂದು ಚಿತ್ರಕ್ಕೂ ಮುಂದಿನ ಚಿತ್ರಕ್ಕೂ ನಡುವೆ ಕ್ಯಾಮೆರಾ ಎಂದೂ ತೆಗೆಯದ ಚಿತ್ರವೊಂದನ್ನು ಟಿವಿ ತಾನೇ ಹುಟ್ಟಿಸಿ ಸೇರಿಸುತ್ತದೆ. ಚೆಂಡಿನಾಟಕ್ಕೆ ಅದು ಚೆಂದ. ಸತ್ತವರ ಮೇಲೆ ಅದನ್ನು ನೋಡಿದ್ದು ನನಗೂ ಮೊದಲು. ಅವರು ಎಂದೂ ಮಾಡದ ಚಲನೆಗಳನ್ನು ಅವರ ಮೈಯಿಂದ ಮಾಡಿಸುತ್ತಿತ್ತು.

ಮೆನುವಿಗೆ ಹೋಗಿ ಅದನ್ನೆಲ್ಲ ಆಫ್ ಮಾಡಿದೆ. ಮುಖ ಒರಟಾಯಿತು, ಜೀವ ಬಂತು. ಎರಡು ಮಾತಾಡುವಷ್ಟರಲ್ಲಿ ಮತ್ತೆ ಮೇಣ. ಅಂಗಡಿಯಲ್ಲಿಟ್ಟ ಟಿವಿಗಳು ಶಾಪ್ ಮೋಡಿನಲ್ಲಿ ಇರುತ್ತವೆ. ನೀವು ಏನೇ ತಿದ್ದಿದರೂ ಸ್ವಲ್ಪ ಹೊತ್ತಿಗೆ ತಮ್ಮ ಝಗಮಗಕ್ಕೆ ತಾವೇ ಮರಳುತ್ತವೆ. ಮನೆಯಲ್ಲಿ ಹೀಗಾಗುವುದಿಲ್ಲ, ನಾನೇ ಬಂದು ಕೂಡಿಸಿ ಕೊಡುತ್ತೇನೆ ಎಂದೆ.

ಪೆನ್ ಡ್ರೈವ್ ಚೀಲಕ್ಕೆ ಹಾಕಿಕೊಳ್ಳುತ್ತ ಆಕೆ ಹೇಳಿದಳು: "ಅಪ್ಪ ಇಲ್ಲೇ ಬೆಳಗಾಂವ್ಯಾಗ ಫೌಂಡ್ರಿಗೆ ಬರ್ತಿದ್ರಿ. ದಿನಾ ಮುಂಜಾನಿ ಪ್ಯಾಸೆಂಜರ್ ಗಾಡೀಲೆ."

ನಾನು ದೇಸೂರಿನವನು. ಕಾಲೇಜಿಗೆ ಹೋಗುವಾಗ ಅದೇ ಗಾಡಿ ಹತ್ತುತ್ತಿದ್ದೆ. ಖಾನಾಪುರದಿಂದಲೇ ತುಂಬಿ ಬರುವ ಡಬ್ಬಿಯಲ್ಲಿ ಕಿಟಕಿಯ ಪಕ್ಕದವರೊಬ್ಬರು ನನ್ನ ಕೈಯ ಪುಸ್ತಕ ನೋಡಿ, "ಬರ್ರಿ ಸಾಹೇಬ್ರ, ಕುಂದರ್ರಿ, ನಿಂತು ಓದಿದ್ರ ತಲಿಗೆ ಏರಂಗಿಲ್ಲ" ಎಂದು ಸರಿದು ಜಾಗ ಕೊಡುತ್ತಿದ್ದರು. ಉಗುರಿನ ಸಂದಿಯಲ್ಲಿ ಫೌಂಡ್ರಿಯ ಕಪ್ಪು ಮರಳು. ಆಮೇಲೊಂದು ದಿನ ಅವರು ಬರುವುದು ನಿಂತಿತು. ಯಾಕೆಂದು ನಾನು ಯಾರನ್ನೂ ಕೇಳಲಿಲ್ಲ. ರೈಲಿನ ಪರಿಚಯ ಅಷ್ಟೇ ಇರುತ್ತದೆ.

ಆ ಗಾಡಿಯಲ್ಲಿ ಫೌಂಡ್ರಿಗೆ ಹೋಗುವವರು ಎಷ್ಟೋ ಜನ ಇದ್ದರು, ಅವರೇ ಇವರು ಎನ್ನಲು ಆಧಾರವಿಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಆದರೂ ಅಂದಿನಿಂದ ಕಣ್ಣು ಮುಚ್ಚಿದರೆ ಕಿಟಕಿಯ ಪಕ್ಕ ಆ ಮುಖ. ದುಂಡಗೆ, ಅಗಲ ಕೆನ್ನೆ, ದವಡೆ ಚಪ್ಪಟೆ. ಇಷ್ಟು ವರ್ಷ ಎಲ್ಲಿತ್ತೋ, ಈಗ ಸ್ಪಷ್ಟವಾಗಿ ಎದುರು ಬಂದು ಕೂರುತ್ತಿತ್ತು.

ಆಕೆ ಕೊಂಡ ಮೂರನೆಯ ಟಿವಿ ಅಂಗಡಿಯ ವ್ಯಾನಿನಲ್ಲಿ ಹೋಯಿತು. ನಾನು ಬೆಳಗ್ಗೆ ರೈಲಿಗೆ ಹೋದೆ. ಖಾನಾಪುರದ ಆ ಮನೆಯಲ್ಲಿ ತಾಯಿ, ಮಗಳು ಮತ್ತು ಹುಡುಗಿಯ ಕಾಕಾ ಇದ್ದರು. ಕಾಕಾ ತೀರಿಹೋದವರ ತಮ್ಮ. ಗೋವಾದಲ್ಲಿ ಬಹಳ ವರ್ಷ ದುಡಿದು ಬಂದವರು. ಬಾಗಿಲಲ್ಲೇ ನಿಂತು ಪೆಟ್ಟಿಗೆ ಅಳೆಯುತ್ತಿದ್ದರು.

"ಇಷ್ಟ ದೊಡ್ಡದು ಯಾಕ ಬೇಕಿತ್ತೋ ಏನೋ. ಮನಿಗಿಂತ ಟೀವಿನ ದೊಡ್ಡದಾತು."

"ಕಾಕಾ, ನೀವು ಬಾಜು ಸರೀರಿ ಮೊದಲ," ಎಂದಳು ಹುಡುಗಿ. ಹೇಳಿದ ಮೇಲೆ ತಾನೇ ಬೆಚ್ಚಿದಳು. ತಂದೆಯ ಮಾತು ಅದು.

ಬಾಗಿಲ ಎದುರಿನ ಗೋಡೆ ಬೇಡವೆಂದೆ, ಬೆಳಕು ಪರದೆಯ ಮೇಲೆ ಬೀಳುತ್ತಿತ್ತು. ಪಕ್ಕದ ಗೋಡೆಗೆ ತೂತು ಕೊರೆದು, ಸಮಮಟ್ಟ ನೋಡಿ ತೂಗುಹಾಕಿದೆ. ಹೊಸ ಟಿವಿ ಮೊದಲ ಸಲ ಹಚ್ಚಿದಾಗ ಮನೆಗೋ ಅಂಗಡಿಗೋ ಎಂದು ಕೇಳುತ್ತದೆ. ಮನೆ ಎಂದು ಒತ್ತಿದೆ. ಚಲನೆ ನುಣುಪು ಮಾಡುವುದು, ಚಿತ್ರದ ಒರಟು ಕಾಳು ಅಳಿಸುವುದು, ಎಐ ಚಿತ್ರ, ಒಂದೊಂದಾಗಿ ಎಲ್ಲ ಆಫ್ ಮಾಡಿದೆ. ಚಿತ್ರದ ಅಳತೆಯನ್ನು 'ಮೂಲ'ಕ್ಕೆ ಇಟ್ಟೆ. ಪೆನ್ ಡ್ರೈವ್ ಚುಚ್ಚಿದೆ.

ಪರದೆಯ ಎರಡೂ ಬದಿಗೆ ಕಪ್ಪು ಪಟ್ಟಿ, ನಡುವೆ ಚಿತ್ರ. ತೊಟ್ಟಿಲ ಪಕ್ಕ ಒಬ್ಬ ಮನುಷ್ಯ ನಿಂತಿದ್ದ. ತೆಳ್ಳನೆಯ ಉದ್ದ ಮುಖ, ಕೆನ್ನೆಯೆಲುಬು ಎದ್ದು ಕಾಣುತ್ತಿತ್ತು.

"ಏ, ಬಾಜು ಸರೀಪಾ," ಎಂದ.

ಮೊದಲು ಬಾಯಿ ಬಿಟ್ಟವರು ಕಾಕಾ. "ಅಲ್ರೀ ಸಾಹೇಬ್ರ, ನಮ್ಮಣ್ಣಗ ಯಾಕ ಹಿಂಗ ಬಡಕಲ ಮಾಡಿದ್ರಿ? ಹೊಸಾ ಟೀವ್ಯಾಗ ಊಟಾ ಹಾಕಂಗಿಲ್ಲೇನು?"

"ಇದು ಅಪ್ಪ ಅಲ್ಲರಿ," ಎಂದಳು ಹುಡುಗಿ. ಬೆರಳು ತೋರಿಸಿದಳು. "ಅಪ್ಪ ಅಲ್ಲಿ ಅದಾರು."

ನನ್ನ ಬೆನ್ನ ಹಿಂದೆ, ದೇವರ ಜಗಲಿಯ ಮೇಲ್ಗಡೆ, ಮಾಲೆ ಹಾಕಿದ ಫ್ರೇಮು. ಅಗಲ ಕೆನ್ನೆಯ, ಚಪ್ಪಟೆ ದವಡೆಯ ಮನುಷ್ಯ. ನನ್ನ ಕಣ್ಣ ಮುಂದೆ ದಿನವೂ ಬರುತ್ತಿದ್ದ ಅದೇ ಮುಖ. ಸ್ಟುಡಿಯೋದವನು ಕಂಪ್ಯೂಟರಿನಲ್ಲಿ ಕೋಟು, ಟೈ ತೊಡಿಸಿದ್ದ.

"ಇದನ್ನ ಎಲ್ಲಿಂದ ಮಾಡಿಸಿದ್ರಿ?" ಎಂದು ಕೇಳಿದೆ. ಕಾಕಾ ಹೆಮ್ಮೆಯಿಂದಲೇ ಹೇಳಿದರು. ಗೋಡೆ ಬಿದ್ದು ಫೋಟೋ ಹೋದ ಮೇಲೆ, ಹುಡುಗಿ ನಾಲ್ಕನೆಯ ಇಯತ್ತೆಯಲ್ಲಿದ್ದಾಗ ಅವರು ಗೋವಾದಿಂದ ಚಪ್ಪಟೆ ಟಿವಿ ತಂದರು. ಅದಕ್ಕೆ ಪೆನ್ ಡ್ರೈವ್ ಹಚ್ಚಿ, ಅಣ್ಣ ಕ್ಯಾಮೆರಾ ಕಡೆ ನೋಡುವಲ್ಲಿ ನಿಲ್ಲಿಸಿ, ಪರದೆಯ ಫೋಟೋ ಮೊಬೈಲಿನಲ್ಲಿ ಹೊಡೆದರು. ಅದನ್ನೇ ಸ್ಟುಡಿಯೋಕ್ಕೆ ಕೊಟ್ಟರು.

ಆಗ ಎಲ್ಲ ತಿಳಿಯಿತು. ಕ್ಯಾಸೆಟ್ಟಿನ ಕಾಲದ ಚಿತ್ರ ಹೆಚ್ಚುಕಡಿಮೆ ಚೌಕ. ಈಗಿನ ಪರದೆ ಅಗಲ. ಬದಿಯ ಜಾಗ ಖಾಲಿ ಬಿಡಬಾರದೆಂದು ಹಳೆಯ ಟಿವಿ ಚಿತ್ರವನ್ನು ಎರಡೂ ಕಡೆಯಿಂದ ಎಳೆದು ತುಂಬಿಸಿತ್ತು. ಚಪಾತಿ ಲಟ್ಟಿಸಿದಂತೆ ಮುಖವೂ ಹರಡಿತ್ತು. ನಮ್ಮ ಅಂಗಡಿಯ ಟಿವಿಯೂ ಅದೇ ಅಳತೆಯಲ್ಲಿತ್ತು. ಮೇಣದ ಹಿಂದೆ ಬಿದ್ದ ನಾನು ಅಗಲದ ಕಡೆ ನೋಡಿರಲೇ ಇಲ್ಲ. ಹಾಗಾದರೆ ರೈಲಿನ ಕಿಟಕಿಯ ಪಕ್ಕ ನಾನು ಕಾಣುತ್ತಿದ್ದ ಮುಖ ಎಲ್ಲಿಯದು? ಕಾಲೇಜಿನ ದಿನಗಳದ್ದಲ್ಲ. ಮೊನ್ನೆ ಮೂರನೆಯ ಟಿವಿಯಿಂದ ಎದ್ದುಬಂದು ನನ್ನ ನೆನಪಿನ ಸೀಟಿನಲ್ಲಿ ಕೂತದ್ದು.

ಇದನ್ನು ಹೇಳಲಿಲ್ಲ. ಚಿತ್ರದ ವಿಷಯ ಮಾತ್ರ ವಿವರಿಸಿದೆ. ಕಾಕಾ ಒಪ್ಪಲಿಲ್ಲ. "ನಮ್ಮ ಮನೆತನದ ಮಾರಿನ ಅಗಲರಿ. ನನ್ನ ನೋಡ್ರಿ. ಈ ಹುಡಿಗಿನ್ನ ನೋಡ್ರಿ. ಅಪ್ಪನ ಪಡಿಯಚ್ಚು ಅಂತ ಊರ ಮಂದಿ ಅಂತೈತಿ."

ಹುಡುಗಿ ತನ್ನ ಕೆನ್ನೆ ಮುಟ್ಟಿಕೊಂಡಳು. "ಊರ ಮಂದಿ ಆ ಫೋಟೋ ನೋಡೇ ಅಂತಿದ್ರೇನು ಕಾಕಾ?"

ಅಳತೆ ಮಾಡೋಣ ಎಂದೆ. ನನಗೆ ಬರುವುದು ಅದೊಂದೇ. ವಿಡಿಯೋದಲ್ಲಿ ತೊಟ್ಟಿಲ ಹಿಂದಿನ ಗೋಡೆಗೆ ಗಡಿಯಾರವಿತ್ತು. ದುಂಡನೆಯದೇ ಎಂದು ತಾಯಿಯನ್ನು ಕೇಳಿದೆ. "ಹೌದ್ರಿ, ಫ್ಯಾಕ್ಟರಿಯವರು ದೀಪಾವಳಿಗೆ ಕೊಟ್ಟಿದ್ರು." ಚಿತ್ರ ನಿಲ್ಲಿಸಿ ಟೇಪು ಹಿಡಿದೆ. 'ಮೂಲ'ದಲ್ಲಿ ಗಡಿಯಾರದ ಉದ್ದವೂ ಅಗಲವೂ ಒಂದೇ. 'ಪೂರ್ಣ ಪರದೆ' ಒತ್ತಿದಾಗ ಗಡಿಯಾರ ಅಡ್ಡಡ್ಡ ಮೊಟ್ಟೆಯಾಯಿತು. ಅದರ ಕೆಳಗೆ ಕೋಟಿಲ್ಲದ, ಅಗಲ ಮುಖದ ಮನುಷ್ಯ ಪ್ರತ್ಯಕ್ಷನಾದ. ಹಿಂದೆ ಒತ್ತಿದರೆ ತೆಳ್ಳಗಿನವನು. ಮುಂದೆ ಒತ್ತಿದರೆ ಅಗಲದವನು. ಒಬ್ಬ ಹೋಗದೆ ಇನ್ನೊಬ್ಬ ಬರುವಂತಿರಲಿಲ್ಲ.

"ಗಡಿಯಾರ ಗುಂಡಗ ಐತಿ, ಖರೇ," ಎಂದರು ತಾಯಿ. ಅಷ್ಟು ಹೊತ್ತಿನಲ್ಲಿ ಅವರು ತಾವಾಗಿ ಆಡಿದ ಮೊದಲ ಮಾತು. "ಆದ್ರ ಗಡಿಯಾರದ ಕೂಡ ನಾ ಸಂಸಾರ ಮಾಡಿಲ್ಲಲ್ರಿ ತಮ್ಮಾ."

ಕಾಕಾ ನಕ್ಕರು. ನನಗೂ ನಗು ಬಂತು. ತಾಯಿ ಮಾತ್ರ ಪರದೆಯನ್ನೂ ಫ್ರೇಮನ್ನೂ ಒಂದಾದ ಮೇಲೊಂದು ನೋಡಿದರು.

"ಅವ್ವಾ, ನಿನಗ ನೆನಪ ಇಲ್ಲೇನು?" ಹುಡುಗಿಯ ಧ್ವನಿ ಸಣ್ಣದಾಗಿತ್ತು. "ನೀ ಅವರ ಕೂಡ ಇದ್ದಾಕಿ."

"ನೆನಪ ಐತಿ ಅಂತನ ಅನಕೊಂಡಿದ್ದೆ ನನ್ನವ್ವಾ. ಇದನ್ನ ನೋಡಿದ್ರ ಇವರ ಅನಸ್ತೈತಿ. ಅದನ್ನ ನೋಡಿದ್ರ ಅವರ ಅನಸ್ತೈತಿ."

ಬೇರೆ ಫೋಟೋ? ಗುರುತಿನ ಚೀಟಿ? ನಾನು ಕೇಳಿದ್ದಕ್ಕೆ, ಎಲ್ಲ ಗೋಡೆಯಡಿ ಹೋಯಿತು ಎಂದರು ತಾಯಿ. ತವರಿನಲ್ಲಿ ಮದುವೆಯ ಫೋಟೋ ಇತ್ತಂತೆ, ಅದರಲ್ಲಿ ಬಾಸಿಂಗದ ಎಳೆಗಳು ಮುಖ ಮುಚ್ಚಿದ್ದವಂತೆ.

ಆಗ ಕಾಕಾ ನನ್ನ ಕಡೆ ತಿರುಗಿದರು. ಬಂದಾಗ ಚಹಾ ಕುಡಿಯುತ್ತ, ದೇಸೂರಿನವನು, ಅದೇ ಪ್ಯಾಸೆಂಜರಿಗೆ ಹೋಗುತ್ತಿದ್ದೆ, ನಿಮ್ಮಣ್ಣನನ್ನು ನೋಡಿರಬಹುದು ಎಂದು ನಾನು ಬಾಯಿತಪ್ಪಿ ಆಡಿದ್ದೆ. "ನೀವು ಹೊರಗಿನವರು. ಕಲತವರು. ದಿನಾ ಎದುರಾ ಎದುರ ಕುಂತವರು. ಹೇಳಿಬಿಡ್ರಿ, ಅಣ್ಣ ಹ್ಯಾಂಗಿದ್ದ? ನೀವು ಹೇಳಿದ್ದ ಫೈನಲ್."

ಮೂರು ಜನ ನನ್ನನ್ನೇ ನೋಡಿದರು. ತೆಳ್ಳಗಿದ್ದರು ಎಂದರೆ ಸಾಕಿತ್ತು. ಅಳತೆ ನನ್ನ ಕಡೆ ಇತ್ತು, ಹೇಳಿದ್ದು ಸುಳ್ಳೂ ಆಗುತ್ತಿರಲಿಲ್ಲ. ಕೆಲಸ ಮುಗಿಯುತ್ತಿತ್ತು. ಹುಡುಗಿಗೆ ತಂದೆ ಸಿಗುತ್ತಿದ್ದರು. ನಾನು ಒಳಗೆ ಹುಡುಕಿದೆ. ದೇಸೂರ ನಿಲ್ದಾಣ, ಗಾಡಿಯ ಬಾಗಿಲು, ಸೀಟಿನ ಮರದ ಹಲಗೆ, ಉಗುರಿನ ಕಪ್ಪು ಎಲ್ಲ ಇತ್ತು. ಮುಖದ ಜಾಗದಲ್ಲಿ ಕೋಟಿನವನು ಕೂತಿದ್ದ. ಅವನನ್ನು ಎಬ್ಬಿಸಿ ನೋಡಿದರೆ ಅಡಿಯಲ್ಲಿ ಏನೂ ಇರಲಿಲ್ಲ.

"ನನಗ ಗೊತ್ತಿಲ್ರಿ," ಎಂದೆ. "ಯಾರೋ ಜಾಗ ಕೊಡತಿದ್ದದ್ದು ನೆನಪೈತಿ. ಅವರ ಇವರೋ ಅಲ್ಲೋ ಅದೂ ಗೊತ್ತಿಲ್ಲ. ಮಾರಿ ಅಂತೂ ನೆನಪಿಲ್ಲ. ನೆನಪೈತಿ ಅಂತ ಬಂದಿದ್ದೆ, ಅದು ನಿಮ್ಮ ವಿಡಿಯೋ ನೋಡಿ ಹುಟ್ಟಿದ್ದು. ನನ್ನ ಸಾಕ್ಷಿ ತಗೋಬ್ಯಾಡ್ರಿ."

"ಏನ್ ಕಲತ್ರೀ ಹಂಗಾರ?" ಎಂದರು ಕಾಕಾ, ನಿಜವಾಗಿಯೂ ಬೇಸರದಿಂದ.

ತಾಯಿ ಮಾತ್ರ ನನ್ನನ್ನು ಸ್ವಲ್ಪ ಹೊತ್ತು ನೋಡಿದರು. ತಮ್ಮೊಬ್ಬರಿಗೇ ಹೀಗಾದದ್ದಲ್ಲ ಎಂದು ಸಮಾಧಾನವಾಯಿತೋ ಏನೋ, ಚಾಪೆ ಎಳೆದುಕೊಂಡು ಟಿವಿಯ ಎದುರು ಕೂತರು. "ಹಚ್ರಿ. ಪೂರಾ ಹಚ್ರಿ. ನಿಲ್ಲಸಬ್ಯಾಡ್ರಿ."

'ಮೂಲ'ದಲ್ಲಿ ಮೊದಲಿನಿಂದ ಹಚ್ಚಿದೆ. ಜೋಗುಳ, ಪಾತ್ರೆ, ನಗೆ. ಅವರು ಮುಖ ನೋಡುತ್ತಿರಲಿಲ್ಲ, ತೊಟ್ಟಿಲನ್ನು ನೋಡುತ್ತಿದ್ದರು. ವಿಡಿಯೋ ಮುಗಿಯುವ ಮುಂಚೆಯೇ ಅವರ ಬಲಗೈ ಎದ್ದು ಗಾಳಿಯಲ್ಲಿ ಎರಡು ಹಗ್ಗಗಳ ನಡುವಿನ ಅಂತರ ತೋರಿಸಿತು.

"ತೊಟ್ಟಲದ ಹಗ್ಗ ಇಲ್ಲಿ ಕೂಡತಿದ್ವು. ಫ್ಯಾಕ್ಟರಿಯಿಂದ ಬಂದಾವರನ ಆ ಸಂದ್ಯಾಗ ಮಾರಿ ತೂರಸತಿದ್ರು, ಇಕಿ ನಗಲೆಂತ. ನಾ ಒಮ್ಮೆ ಹಂಗ ಮಾಡಾಕ ಹೋಗಿ ಸಿಕ್ಕಬಿದ್ದೆ. ಎಷ್ಟ ನಕ್ಕಿದ್ರು. ನಿನ್ನ ಮಾರಿ ಭಕ್ರಿ ಆಗೇತಿ ಅಂದ್ರು." ಅವರು ತಮ್ಮ ದುಂಡು ಕೆನ್ನೆಯ ಮೇಲೆ ಕೈಯಿಟ್ಟುಕೊಂಡರು. "ಅಗಲ ಮಾರಿ ನಂದು. ಇಕಿಗೆ ಬಂದದ್ದು ನಂದು. ಅವರದು ಆ ಸಂದ್ಯಾಗ ತೂರತಿತ್ತು."

ಇದು ವಿಡಿಯೋದಲ್ಲಿ ಇರಲಿಲ್ಲ. ಯಾವ ಟಿವಿಯೂ ಎಳೆದು ಹಿಗ್ಗಿಸಲಾಗದ ಜಾಗದಲ್ಲಿ ಅವರಿಗೆ ಸಿಕ್ಕಿತ್ತು. ಹಾಗೆಂದು ನಾನು ಪೂರ್ತಿ ನಂಬಿದೆನೇ? ಈಗಷ್ಟೇ ಕಂಡ ತೆಳ್ಳನೆಯ ಮುಖವೇ ಈ ನೆನಪನ್ನು ಕಟ್ಟಿಕೊಟ್ಟಿರಬಹುದು ಎನ್ನುವ ಸಂಶಯ ಅಲ್ಲೇ ಹುಟ್ಟಿತು, ಇನ್ನೂ ಸತ್ತಿಲ್ಲ. ಆದರೆ ಅದನ್ನು ಆಡುವ ಹಕ್ಕು ನನಗಿರಲಿಲ್ಲ.

"ಇವರನ್ನ ಮದವಿಗೆ ಒಯ್ಯೂಣು," ಎಂದರು ತಾಯಿ, ಪರದೆಯ ಕಡೆ ತೋರಿಸಿ.

ಆ ಚಿತ್ರವನ್ನು ಕಂಪ್ಯೂಟರಿನಲ್ಲೇ ತೆಗೆದುಕೊಡುತ್ತೇನೆ, ಪರದೆಯ ಫೋಟೋ ಹೊಡೆಯುವುದು ಬೇಡ, ಕೋಟೂ ಬೇಡ ಎಂದೆ. ಕಾಕಾ ನಿಟ್ಟುಸಿರು ಬಿಟ್ಟು ಎದ್ದರು. ಸೋತವರಂತೆ ಸ್ಟೂಲು ಎಳೆದು, ಜಗಲಿಯ ಮೇಲಿನ ಫ್ರೇಮು ಇಳಿಸಲು ಕೈ ಚಾಚಿದರು.

"ಅದನ್ನ ಮುಟ್ಟಬ್ಯಾಡ," ಎಂದರು ತಾಯಿ.

"ವೈನಿ, ಅದು ಅಣ್ಣನ ಮಾರಿ ಅಲ್ಲಂತ ಈಗ ನೀವ ಹೇಳಿದ್ರಿ."

"ಹೌದು, ಅಲ್ಲ."

"ಹಂಗಾರ ಅಂವ ಯಾರವ್ವಾ?" ಹುಡುಗಿ ಕೇಳಿದಳು. ಕೇಳುವಾಗ ಫ್ರೇಮಿನ ಕಡೆ ನೋಡಲು ಆಕೆಗೆ ಧೈರ್ಯವಾಗಲಿಲ್ಲ.

ತಾಯಿ ಎದ್ದು, ಜಾರಿದ ಮಾಲೆ ಸರಿಮಾಡಿದರು. "ನಿನ್ನ ಕಾಲೇಜಿಗೆ ಹಚ್ಚೂದೋ ಬ್ಯಾಡೋ ಅಂತ ನಾ ಯಾರನ್ನ ಕೇಳಿದ್ನಿ? ನಿನಗ ಟೈಫಾಯ್ಡ್ ಆದಾಗ ಯಾರ ಮುಂದ ಕುಂತು ಜಗಳಾಡಿದ್ನಿ? ಈ ವರಾ ಒಪ್ಪೂ ಮುಂದ ಯಾರ ಮುಂದ ಹೂ ಇಟ್ಟು ಕುಂತಿದ್ನಿ? ಟೀವ್ಯಾಗಿನವರು ನಿನ್ನ ಹಡದಪ್ಪ. ಇವರು ನಿನ್ನ ಬೆಳಿಸಿದಪ್ಪ. ನೀ ಹೋದ ಮ್ಯಾಲೂ ನನ್ನ ಕೂಡ ಇರಾವ್ರು ಇವರ."

ಕಾಕಾ ಸ್ಟೂಲಿನಿಂದ ಇಳಿದರು. ಹುಡುಗಿ ಹೋಗಿ ತನ್ನ ಓಢಣಿಯ ಅಂಚಿನಿಂದ ಫ್ರೇಮಿನ ಗಾಜು ಒರೆಸಿದಳು. ಒರೆಸುವಾಗ ಟಿವಿ ಆಕೆಯ ಬೆನ್ನ ಹಿಂದಾಯಿತು. ತಟ್ಟನೆ ಅರಿವಾಗಿ, ಕೋಣೆಯ ಮೂಲೆಗೆ ಸರಿದು, ಇಬ್ಬರು ಅಪ್ಪಂದಿರಲ್ಲಿ ಯಾರಿಗೂ ಬೆನ್ನಾಗದಂತೆ ಓರೆಯಾಗಿ ನಿಂತಳು.